ಕಾವಲಿಯ ಎಣ್ಣೆಯೂ ಬ್ರೇಕಿನ ಬಿಲ್ಲೆಯೂ

ಮಳೆಗಾಲ ಕಾಲಿಟ್ಟಿತೆಂದರೆ ಮನೆಯ ಯಾವ ಯಾವ ಸಾಮಾನಿಗೆ ಎಣ್ಣೆ ಸವರಿಡಬೇಕು ಎಂಬುದು ದಕ್ಷಿಣ ಕನ್ನಡದ ಹಿರಿಯರಿಗೆ ಬಾಯಿಪಾಠ. ಕತ್ತಿಗೆ, ಬಾಗಿಲ ಚಿಲಕಕ್ಕೆ, ಬಾವಿಯ ರಾಟೆಗೆ, ಎಲ್ಲಕ್ಕಿಂತ ಹೆಚ್ಚಾಗಿ ದೋಸೆಯ ಬೀಡಿನ ಕಾವಲಿಗೆ. ಒಂದು ವಾರ ಮರೆತರೆ ಕಾವಲಿಯ ಮೈಮೇಲೆ ಕಂದು ಬಣ್ಣದ ಪುಡಿ ಏಳುತ್ತದೆ. ವರ್ಷವೊಂದಕ್ಕೆ ಸರಾಸರಿ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಾಡಿನಲ್ಲಿ ಕಬ್ಬಿಣ ಹೇಗೆ ತಾನೆ ಸುಮ್ಮನಿದ್ದೀತು? ಮೂಡಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅಂದಿನಿಂದ ಇಂದಿನವರೆಗೆ ಅದು ಎಷ್ಟು ಮಳೆಗಾಲಗಳನ್ನು ಕಂಡಿತೋ! ಆದರೆ ಅದು ಕಲ್ಲಿನ ಪುಣ್ಯ. ಬೀಡಿಗೆ ಆ ಪುಣ್ಯವಿಲ್ಲ.

ಈ ಬಾಯಿಪಾಠವನ್ನು ನಾನೂ ಚಿಕ್ಕಂದಿನಿಂದ ಕಲಿತವನೇ. ಕಲಿತ ವಿದ್ಯೆಯನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ಮಾತ್ರ ಕಲಿತಿರಲಿಲ್ಲ. ಅದರ ಕಥೆಯನ್ನೇ ಈ ವಾರ ವಾಚಕರ ಮುಂದೆ ಇಡುತ್ತಿದ್ದೇನೆ. ಹೇಳಿಕೊಳ್ಳಲು ಹೆಮ್ಮೆಯ ಸಂಗತಿಯಲ್ಲ. ಆದರೆ ಸ್ವಂತ ಕಾರುಳ್ಳ ಗೃಹಸ್ಥರು ಇಂದು ಮನೆಮನೆಯಲ್ಲಿರುವುದರಿಂದ ನನ್ನ ತಪ್ಪು ಮತ್ತೊಬ್ಬರಿಗೆ ಪಾಠವಾದರೆ ಆಗಲಿ.

ಮೂರು ವರ್ಷಗಳ ಕೆಳಗಿನ ಮಾತು. ಆಟಿ ತಿಂಗಳು. ಬೆಂಗಳೂರಿನಿಂದ ನಾನು ಬೆಳ್ತಂಗಡಿಯ ಬಳಿಯ ಅಕ್ಕನ ಮನೆಗೆ ಹೋಗಿದ್ದೆ. ಭಾವನವರಿಗೆ ಮೊಣಕಾಲು ನೋವು. ಮೂರು ವಾರಗಳಿಂದ ಅವರ ಕಾರು ಕೊಟ್ಟಿಗೆಯಿಂದ ಹೊರಟಿರಲಿಲ್ಲ. ಮರುದಿನ ಎಲ್ಲರೂ ಮೂಡಬಿದಿರೆಗೆ ಹೋಗಿ ಹಾಸಿಗೆ ಹಿಡಿದಿದ್ದ ಚಿಕ್ಕಮ್ಮನನ್ನು ನೋಡಿಕೊಂಡು ಬರುವುದೆಂದಾಯಿತು. ಹಿಂದಿನ ಸಂಜೆ ಕಾರನ್ನು ಒರೆಸಲು ಹೋದವನಿಗೆ ಮುಂದಿನ ಚಕ್ರಗಳ ಕಡ್ಡಿಗಳ ಸಂದಿಯಲ್ಲಿ ಏನೋ ಕೆಂಪಗೆ ಕಂಡಿತು. ಬ್ರೇಕಿನ ಬಿಲ್ಲೆಗೆ ತುಕ್ಕು! ಕಾವಲಿಯ ನೆನಪಾಯಿತು. ಅಡಿಗೆಮನೆಯಿಂದ ತೆಂಗಿನೆಣ್ಣೆಯನ್ನು ತಂದು, ಕೋಲಿಗೆ ಬಟ್ಟೆ ಸುತ್ತಿ, ಎರಡೂ ಕಡೆಯ ಬಿಲ್ಲೆಗಳಿಗೆ ಚೆನ್ನಾಗಿ ಸವರಿದೆ. ಬಿಲ್ಲೆಗಳು ಮಿರಮಿರನೆ ಮಿಂಚಿದುವು. ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ಊಟಕ್ಕೆ ಕುಳಿತೆ.

ಅಕ್ಕನ ಮನೆಯ ಅಂಗಳದಿಂದ ರಸ್ತೆಗೆ ಇಳಿಯುವುದು ಒಂದು ಇಳಿಜಾರು. ಅದರ ಕೊನೆಯಲ್ಲಿ ಗೇಟು. ಬೆಳಿಗ್ಗೆ ನಾನು ಕಾರು ಹೊರಡಿಸಿದೆ. ಅಕ್ಕ ಮತ್ತು ಭಾವ ಒಳಗೆ ಕುಳಿತಿದ್ದರು. ಒಂಬತ್ತು ವರ್ಷದ ಮೊಮ್ಮಗ ಗೇಟು ತೆರೆಯಲೆಂದು ಮುಂದೆ ಓಡಿದ. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೆ. ಕಾರು ನಿಲ್ಲಲಿಲ್ಲ. ಇನ್ನೂ ಒತ್ತಿದೆ. ವೇಗ ತುಸು ಕುಗ್ಗಿತೇ ಹೊರತು ಕಾರು ಜಾರುತ್ತಲೇ ಇತ್ತು. ಹುಡುಗ ನಮಗೆ ಬೆನ್ನು ಹಾಕಿ ಗೇಟಿನ ಕೊಂಡಿಯೊಡನೆ ಹೆಣಗುತ್ತಿದ್ದ. ಕೈಬ್ರೇಕನ್ನು ಎಳೆದು, ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೆ. ಕಾರಿನ ಮೂಗು ಮುರಕಲ್ಲಿನ ಪಾಗಾರಕ್ಕೆ ಬಡಿದು ನಿಂತಿತು. ದೀಪದ ಗಾಜು ಒಡೆಯಿತು, ಮತ್ತೇನೂ ಆಗಲಿಲ್ಲ. ಹುಡುಗನಿಗೂ ಕಾರಿಗೂ ನಡುವೆ ಉಳಿದಿದ್ದ ಅಂತರ ಎರಡು ಮಾರು.

ಯಾರೂ ನನ್ನನ್ನು ಬೈಯಲಿಲ್ಲ. ಅಕ್ಕ ಇಳಿದುಹೋಗಿ ಮೊಮ್ಮಗನ ತಲೆ ಸವರಿದಳು. ಬಹಳ ಹೊತ್ತಿನ ಮೇಲೆ ನಾನು ಎಣ್ಣೆಯ ಸಂಗತಿಯನ್ನು ಹೇಳಿದಾಗ ಅವಳೆಂದ ಮಾತು ಇಷ್ಟೆ: "ಕಾವಲಿಗೆ ಎಣ್ಣೆ ಹಚ್ಚುವುದು ದೋಸೆ ಹಿಡಿಯಬಾರದು ಅಂತ. ಬ್ರೇಕು ಹಿಡಿಯಬೇಕಲ್ಲನಾ ತಮ್ಮಾ?"

ಬ್ರೇಕಿನ ಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿದೆ.

ಬಿಲ್ಲೆಯ ಕೆಲಸ

ಮೆಕ್ಯಾನಿಕರು ಡಿಸ್ಕು ಎಂದೂ, ಕಾರಿನ ಕೈಪಿಡಿಗಳು ಕೆಲವೊಮ್ಮೆ ರೋಟರ್ ಎಂದೂ ಕರೆಯುವ ಈ ಬಿಲ್ಲೆ ಸಾಮಾನ್ಯವಾಗಿ ಬೀಡಿನದು, ಎಂದರೆ ಎರಕದ ಕಬ್ಬಿಣದ್ದು. ಅದು ಚಕ್ರದೊಡನೆ ತಿರುಗುತ್ತದೆ. ನಾವು ಬ್ರೇಕು ತುಳಿದಾಗ ಕ್ಯಾಲಿಪರ್ ಎಂಬ ಇಕ್ಕಳ ಎರಡು ಪ್ಯಾಡುಗಳನ್ನು ಬಿಲ್ಲೆಯ ಎರಡು ಮುಖಗಳಿಗೆ ಒತ್ತಿ ಹಿಡಿಯುತ್ತದೆ. ಕಾರಿನ ಓಟ ಅಲ್ಲಿ ಶಾಖವಾಗಿ ಮಾರ್ಪಡುತ್ತದೆ. ಆ ಶಾಖವನ್ನು ಬಿಲ್ಲೆ ಗಾಳಿಗೆ ಬಿಡುತ್ತದೆ. 1000 ಕಿಲೋ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲುವಾಗ ಹುಟ್ಟುವ ಶಾಖ ಒಂದು ಲೀಟರು ನೀರನ್ನು 30 ಡಿಗ್ರಿಗಳಿಗೂ ಹೆಚ್ಚು ಬಿಸಿಮಾಡಲು ಸಾಕು.

ಈ ಏರ್ಪಾಡು ಇಂದಿನದಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಯಂತ್ರಜ್ಞ 1902ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಜಗತ್ತು ಇದನ್ನು ನಂಬಿದ್ದು 1953ರಲ್ಲಿ, ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಗೆದ್ದ ಮೇಲೆ. 1955ರಲ್ಲಿ ಸಿತ್ರೋಯೆನ್ ಡಿ.ಎಸ್. ಎಂಬ ಸಂಸಾರಸ್ಥರ ಕಾರಿನ ಮುಂದಿನ ಚಕ್ರಗಳಿಗೆ ಇದು ಬಂತು. ನಮ್ಮಲ್ಲಿ ಅಂಬಾಸಡರು, ಪದ್ಮಿನಿಗಳ ಕಾಲದಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕೇ ರೂಢಿ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವನ್ನು ನೋಡಹೋದವರು ಚಕ್ರದೊಳಕ್ಕೆ ಒಮ್ಮೆ ಇಣುಕಿ ನೋಡಲಿ. ಆರಂಭದ ಕಾಲದ ಮೋಟಾರುಗಳಲ್ಲಿ ಈ ಬಿಲ್ಲೆಯನ್ನು ಹುಡುಕಬೇಕಾದೀತು. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಅಂದು ನನ್ನ ಎಣ್ಣೆ ತಗಲದೆ ಉಳಿದದ್ದು ಆ ಹಿಂದಿನ ಡ್ರಮ್ಮುಗಳಿಗೆ. ಕೈಬ್ರೇಕು ಹಿಡಿದದ್ದೂ ಅದರಿಂದಲೇ.

ಡ್ರಮ್ಮು ಮುಚ್ಚಿದ ಪಾತ್ರೆ. ಡಿಸ್ಕು ತೆರೆದ ತಟ್ಟೆ. ಗಾಳಿ ಆಡುವುದರಿಂದ ಬೇಗ ತಣಿಯುತ್ತದೆ, ನೀರು ಬಿದ್ದರೂ ಬೇಗ ಆರುತ್ತದೆ. ಆದರೆ ತೆರೆದಿರುವುದರಿಂದಲೇ ಮಳೆಯ ನೀರು, ಮುರಕಲ್ಲಿನ ಕೆಂಪು ರಾಡಿ, ಮರಳು ಎಲ್ಲವೂ ಅದರ ಮೇಲೆ ಎರಚುತ್ತವೆ.

ಯಾವ ತುಕ್ಕು ನಿರಪಾಯ?

ಬಂಟ್ವಾಳದಿಂದ ಕರೆಸಿದ ವೃದ್ಧ ಮೆಕ್ಯಾನಿಕರೊಬ್ಬರು ಅಂದು ಚಕ್ರ ಬಿಚ್ಚಿ, ಪ್ಯಾಡನ್ನು ಮೂಸಿ ನೋಡಿ, "ಎಣ್ಣೆ ಕುಡಿದಿದೆ ಮಾರಾಯರೆ. ಇನ್ನು ಹಿಂಡಿ ತೆಗೆಯಲಿಕ್ಕೆ ಆಗುವುದಿಲ್ಲ" ಎಂದರು. ಹೊಸ ಪ್ಯಾಡು ಹಾಕಲೇಬೇಕಾಯಿತು. ಬಿಲ್ಲೆಯಾದರೆ ಲೋಹ, ತೊಳೆದರೆ ಎಣ್ಣೆ ಹೋಗುತ್ತದೆ. ಪ್ಯಾಡು ಸಣ್ಣ ಸಣ್ಣ ರಂಧ್ರಗಳುಳ್ಳ ವಸ್ತು, ಹೀರಿದ್ದನ್ನು ಬಿಡುವುದಿಲ್ಲ. ಆ ಮೇಲೆ ಅವರು ಹೇಳಿದ ಮಾತು ನನ್ನನ್ನು ಇನ್ನಷ್ಟು ನಾಚಿಸಿತು. ನಾನು ಕಂಡ ತುಕ್ಕು ಏನೂ ಮಾಡದೆ ತಾನಾಗಿ ಹೋಗುವಂಥದಾಗಿತ್ತು!

ಒಂದು ರಾತ್ರಿಯ ಮಳೆಗೇ ಬಿಲ್ಲೆಯ ಮೇಲೆ ತೆಳುವಾದ ಕಿತ್ತಳೆ ಬಣ್ಣದ ಪೊರೆ ಬರುವುದುಂಟು. ಕಾರು ತೊಳೆದ ಒಂದೆರಡು ಗಂಟೆಗಳಲ್ಲಿಯೂ ಬರಬಹುದು. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತ ನಾಲ್ಕಾರು ಬಾರಿ ಮೆಲ್ಲಗೆ ಬ್ರೇಕು ಒತ್ತಿದರೆ ಪ್ಯಾಡುಗಳೇ ಅದನ್ನು ಉಜ್ಜಿ ತೆಗೆಯುತ್ತವೆ. ಮೊದಲ ಒಂದೆರಡು ಸಲ ಕರಕರ ಸದ್ದು ಕೇಳಿಸಿದರೆ ಅಂಜಬೇಕಾಗಿಲ್ಲ. ಬಿಲ್ಲೆಯ ಅಂಚಿನಲ್ಲಿ, ನಡುವಿನ ಟೊಪ್ಪಿಯಂಥ ಭಾಗದಲ್ಲಿ ತುಕ್ಕು ಶಾಶ್ವತವಾಗಿ ಇರುತ್ತದೆ. ಅಲ್ಲಿ ಪ್ಯಾಡು ಮುಟ್ಟುವುದಿಲ್ಲ, ಅದು ಬರಿಯ ನೋಟಕ್ಕೆ ಕುಂದು.

ಅಪಾಯದ ಗುರುತುಗಳು ಬೇರೆ. ಪ್ಯಾಡು ಉಜ್ಜುವ ಜಾಗದಲ್ಲಿಯೇ ಸಿಡುಬಿನ ಕಲೆಯಂತೆ ಗುಳಿಗಳು, ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಗೀರುಗಳು, ಅಂಚಿನಲ್ಲಿ ಎದ್ದುನಿಂತ ದಿಂಡು, ಅತಿಯಾಗಿ ಕಾದುದನ್ನು ತೋರಿಸುವ ನೀಲಿ ಕಲೆಗಳು, ಬಿರುಕು. ಇವುಗಳಲ್ಲಿ ಯಾವುದು ಕಂಡರೂ, ಅಥವಾ ಬ್ರೇಕು ಹಾಕಿದಾಗ ಪೆಡಲು ಕಾಲಿನ ಕೆಳಗೆ ನಡುಗಿದರೂ, ಕಾರು ಒಂದು ಪಕ್ಕಕ್ಕೆ ಎಳೆದರೂ, ಮನೆಯ ಉಪಚಾರವನ್ನು ಬಿಟ್ಟು ಬಲ್ಲವರ ಬಳಿಗೆ ಹೋಗತಕ್ಕದ್ದು.

ಮನೆಯಲ್ಲಿ ಮಾಡಬಹುದಾದ ಕೆಲಸ

ಕೈಯಲ್ಲಿ ಸ್ಪ್ಯಾನರು ಹಿಡಿದು ಅಭ್ಯಾಸವುಳ್ಳವರು ವರ್ಷಕ್ಕೆ ಎರಡು ಬಾರಿ, ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಚಕ್ರ ಕಳಚಿ ಬಿಲ್ಲೆಯನ್ನು ಶುಚಿಮಾಡಬಹುದು. ಅದಕ್ಕೆ ಬೇಕಾದುದು ಸಮತಟ್ಟಾದ ಗಟ್ಟಿ ನೆಲ. ಕೆಂಪುಮಣ್ಣಿನ ಅಂಗಳ ಮಳೆಯಲ್ಲಿ ಮೆತ್ತಗಾಗಿರುವುದರಿಂದ ಜ್ಯಾಕು ಅಲ್ಲಿ ಹುಗಿದುಕೊಳ್ಳುತ್ತದೆ. ಸಿಮೆಂಟಿನ ನೆಲವೇ ಲೇಸು. ಬಿಲ್ಲೆ ಪೂರ್ತಿ ತಣ್ಣಗಾಗಿರಬೇಕು. ಕಾರನ್ನು ಗೇರಿನಲ್ಲಿಟ್ಟು, ಕೈಬ್ರೇಕು ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ತುಸು ಸಡಿಲಿಸಿ, ಅನಂತರ ಜ್ಯಾಕಿನಿಂದ ಎತ್ತಿ. ಎತ್ತಿದ ಮೇಲೆ ಕಾರಿನ ಭಾರವನ್ನು ಗಟ್ಟಿಯಾದ ಆಸರೆಯ ಸ್ಟ್ಯಾಂಡಿಗೆ ಒಪ್ಪಿಸಿ. ಬರಿಯ ಜ್ಯಾಕನ್ನು ನಂಬಿ ಕಾರಿನಡಿಗೆ ಕೈಯನ್ನಾಗಲಿ ತಲೆಯನ್ನಾಗಲಿ ಚಾಚಬಾರದು. ಮಕ್ಕಳು ಆ ಹತ್ತಿರ ಸುಳಿಯಬಾರದು.

ಚಕ್ರ ಕಳಚಿದಾಗ ಕಪ್ಪು ಧೂಳು ಕಾಣುತ್ತದೆ. ಅದನ್ನು ಬಾಯಿಂದ ಊದಬೇಡಿ, ಗಾಳಿಯ ಪಂಪಿನಿಂದಲೂ ಹಾರಿಸಬೇಡಿ. ಹಿಂದಿನ ಕಾಲದ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು. ಇಂದಿನ ಪ್ಯಾಡಿನ ಧೂಳೂ ಶ್ವಾಸಕೋಶಕ್ಕೆ ಹಿತವಲ್ಲ. ಮೂಗಿಗೆ ಬಟ್ಟೆ ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿ. ರಾಡಿ ಮೆತ್ತಿದ್ದರೆ ಸಾಬೂನಿನ ನೀರು ಸಾಕು. ಅದು ಆರಿದ ಮೇಲೆ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಬ್ರೇಕ್ ಕ್ಲೀನರ್ ಎಂಬ ದ್ರವವನ್ನು ಬಿಲ್ಲೆಯ ಎರಡೂ ಮುಖಗಳಿಗೆ ಸಿಂಪಡಿಸಿ, ಶುಭ್ರವಾದ ಬಿಳಿಯ ಬಟ್ಟೆಯಿಂದ, ಬಟ್ಟೆಗೆ ಕಪ್ಪು ಹತ್ತದಾಗುವವರೆಗೆ ಒರೆಸಬೇಕು. ಈ ದ್ರವ ಬೇಗ ಬೆಂಕಿ ಹಿಡಿಯಬಲ್ಲದು; ಬೀಡಿ ಸಿಗರೇಟು ದೂರವಿರಲಿ, ಕೊಟ್ಟಿಗೆಯ ಬಾಗಿಲು ತೆರೆದಿರಲಿ. ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣ ಕೆಡುತ್ತದೆ.

ಹಗುರವಾದ ತುಕ್ಕು ಮೊಂಡಾಗಿ ಕುಳಿತಿದ್ದರೆ ಅಥವಾ ಬಿಲ್ಲೆಯ ಮುಖ ಗಾಜಿನಂತೆ ನುಣುಪಾಗಿದ್ದರೆ 120ನೆಯ ನಂಬರಿನ ಉಪ್ಪುಕಾಗದದಿಂದ ಸುತ್ತು ಸುತ್ತಾಗಿ, ಎಲ್ಲ ಕಡೆಗೂ ಸಮನಾಗಿ, ಹಗುರವಾಗಿ ಉಜ್ಜಬಹುದು. ಒಂದೇ ಕಡೆ ತಿಕ್ಕಿ ಹಳ್ಳ ಮಾಡಬಾರದು. ಉಜ್ಜಿದ ಮೇಲೆ ಮತ್ತೊಮ್ಮೆ ಕ್ಲೀನರಿನಿಂದ ಒರೆಸಬೇಕು. ಆ ಹೊತ್ತಿಗೇ ಪ್ಯಾಡನ್ನೂ ನೋಡಿಬಿಡಿ. ಉಜ್ಜುವ ವಸ್ತು 3 ಮಿಲಿಮೀಟರಿನಷ್ಟು ಮಾತ್ರ ಉಳಿದಿದ್ದರೆ ಬದಲಾಯಿಸುವ ಕಾಲ ಬಂದಿದೆ. ಬಿಲ್ಲೆಯ ಅಂಚಿನಲ್ಲೋ ಟೊಪ್ಪಿಯ ಮೇಲೋ ಕನಿಷ್ಠ ದಪ್ಪ ಎಷ್ಟಿರಬೇಕೆಂಬ ಅಂಕೆಯನ್ನು ತಯಾರಕರು ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳುವಾದ ಬಿಲ್ಲೆಗೆ ಶಾಖ ತಾಳುವ ಶಕ್ತಿ ಇರುವುದಿಲ್ಲ. ಎಷ್ಟೇ ಶುಚಿಮಾಡಿದರೂ ಅದು ಆಯುಷ್ಯ ಮುಗಿದ ಬಿಲ್ಲೆ. ಬದಲಾಯಿಸುವುದಾದರೆ ಎಡಬಲಗಳೆರಡನ್ನೂ ಜೊತೆಯಾಗಿ ಬದಲಾಯಿಸಬೇಕು.

ಚಕ್ರವನ್ನು ಮತ್ತೆ ಕೂರಿಸುವಾಗ ನಟ್ಟುಗಳನ್ನು ಸುತ್ತುವರಿಯಾಗಿ ಬಿಗಿಯದೆ, ಒಂದಕ್ಕೆದುರು ಒಂದರಂತೆ ಬಿಗಿಯಬೇಕು; ಕೊನೆಯ ಬಿಗಿ ಕಾರು ನೆಲಕ್ಕಿಳಿದ ಮೇಲೆ. ಆ ಮೇಲೆ ಎಂಜಿನ್ನು ಹೊರಡಿಸಿ, ನಿಂತಲ್ಲಿಯೇ ಪೆಡಲನ್ನು ಗಟ್ಟಿಯಾಗುವವರೆಗೆ ಕೆಲವು ಬಾರಿ ಒತ್ತಿ ನೋಡಿ. ಅಂಗಳದಲ್ಲಿಯೇ ನಡಿಗೆಯ ವೇಗದಲ್ಲಿ ಹೋಗಿ ನಿಲ್ಲಿಸಿ ನೋಡಿ. ಅನಂತರವೇ ರಸ್ತೆ.

ಮಾಡಬಾರದ ಕೆಲವು ಕೆಲಸಗಳೂ ಇವೆ. ತೆಂಗಿನೆಣ್ಣೆಯ ಮಾತು ಹೇಳಿಯಾಯಿತು. ಗ್ರೀಸು, ಸೀಮೆಎಣ್ಣೆ, ಡೀಸೆಲ್ಲುಗಳೂ ಅದೇ ಜಾತಿಯವು, ಜಿಡ್ಡು ಬಿಡುತ್ತವೆ. ಪೆಟ್ರೋಲು ಬೆಂಕಿಯ ಮನೆ. ಹಿತ್ತಾಳೆ ಪಾತ್ರೆಗೆ ಹಾಕುವ ಹುಣಸೆಹುಳಿ, ಬಿಂಬುಳಿಗಳೂ ಇಲ್ಲಿ ಬೇಡ. ಹುಳಿ ತುಕ್ಕನ್ನು ತೆಗೆಯುವುದೇನೋ ನಿಜ, ಆದರೆ ಅದು ಉಳಿದ ಜಾಗದಲ್ಲಿ ಹೊಸ ತುಕ್ಕು ಇನ್ನೂ ಬೇಗ ಏಳುತ್ತದೆ. ಕ್ಯಾಲಿಪರು ಬಿಚ್ಚುವುದು, ಬ್ರೇಕಿನ ದ್ರವ ಬದಲಾಯಿಸುವುದು, ಹಿಂದಿನ ಡ್ರಮ್ಮು ತೆರೆಯುವುದು, ಇವು ಕಸುಬು ಕಲಿತವರ ಕೆಲಸ. ತಲೆನೋವಿಗೆ ಮನೆಮದ್ದು ಸರಿ. ಶಸ್ತ್ರಚಿಕಿತ್ಸೆಯನ್ನು ಯಾರೂ ಅಡಿಗೆಮನೆಯಲ್ಲಿ ಮಾಡಿಕೊಳ್ಳುವುದಿಲ್ಲ.

ಘಟ್ಟ ಇಳಿಯುವಾಗ

ಇಷ್ಟೆಲ್ಲ ಶುಚಿತ್ವದ ಅಗತ್ಯ ಸಮತಟ್ಟಾದ ಊರಿನಲ್ಲಿರುವವರಿಗೆ ಅರ್ಥವಾಗದಿರಬಹುದು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿದು ಉಜಿರೆಗೆ ಬರುವವರಿಗೆ ಅರ್ಥವಾಗುತ್ತದೆ. 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಮುಚ್ಚಿಹೋಗಿದ್ದ ದಾರಿ ಇದೇ. 1000 ಕಿಲೋ ತೂಕದ ಕಾರು ಪ್ರತಿ 100 ಮೀಟರು ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ ಮೂರು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹದಕ್ಕೆ ತರಬಹುದು. ಗಾಳಿಯೂ ಟಯರುಗಳೂ ಅದರಲ್ಲಿ ಒಂದಿಷ್ಟನ್ನು ನುಂಗುತ್ತವೆ. ಉಳಿದುದನ್ನು ಹೊರಬೇಕಾದದ್ದು ಎಂಜಿನ್ನು ಅಥವಾ ಬ್ರೇಕು. ಏರುವಾಗ ಬಳಸುವಂಥ ಕೆಳಗಿನ ಗೇರಿನಲ್ಲಿಯೇ ಇಳಿದರೆ ಆ ಭಾರದ ಬಹುಪಾಲನ್ನು ಎಂಜಿನ್ನು ಹೊರುತ್ತದೆ. ಹಾಗಲ್ಲದೆ, ಉದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಬಿಲ್ಲೆ ಕೆಂಡವಾಗುತ್ತದೆ, ಪ್ಯಾಡು ಹಿಡಿತ ಬಿಡುತ್ತದೆ.

ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯಿದೆ. ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವುಂಟು. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕಡಿಮೆಯೆಂದರೆ 230 ಡಿಗ್ರಿಯವರೆಗೆ ಕುದಿಯದೆ ಇರಬೇಕೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೆದ್ದರೆ ಪೆಡಲು ಮೆತ್ತಗಾಗಿ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಮಳೆನಾಡಿನವರು ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಾಯಿಸುವುದಕ್ಕೆ ಜಿಪುಣತನ ಮಾಡಬಾರದು.

ಇಳಿಯುವಾಗ ಸುಟ್ಟ ವಾಸನೆ ಬಂದರೆ, ಜಾಗ ನೋಡಿ ಕಾರನ್ನು ನಿಲ್ಲಿಸಿ, ಅರ್ಧ ಗಂಟೆ ವಿಶ್ರಮಿಸಿ. ಝರಿಯ ನೀರು ಕೈಗೆಟಕುವಂತಿದ್ದರೂ ಬಿಸಿ ಬಿಲ್ಲೆಗೆ ಎರೆಯಬೇಡಿ. ಕಾದ ಬೀಡಿನ ಕಾವಲಿಗೆ ತಣ್ಣೀರು ಸುರಿದರೆ ಏನಾಗುತ್ತದೆಂದು ಗೃಹಿಣಿಯರನ್ನು ಕೇಳಿದರೆ ಹೇಳಿಯಾರು. ಇಲ್ಲಿ ಮಾತ್ರ ಕಾವಲಿಯ ಹೋಲಿಕೆ ಸರಿಯಾದದ್ದೇ!

ಕಾರನ್ನು ಮಳೆಗಾಲದಲ್ಲಿ ದಿನಗಟ್ಟಲೆ ನಿಲ್ಲಿಸುವವರಿಗೆ ಒಂದು ಕಿವಿಮಾತು. ನಿಲ್ಲಿಸುವ ಮುನ್ನ ಸ್ವಲ್ಪ ದೂರ ಓಡಿಸಿ, ಮೆಲ್ಲಗೆ ಬ್ರೇಕು ಒತ್ತಿ ಬಿಲ್ಲೆಯನ್ನು ಆರಿಸಿ. ಸಮನೆಲವಾದರೆ ಕೈಬ್ರೇಕನ್ನು ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ವಾರಗಟ್ಟಲೆ ಎಳೆದಿಟ್ಟರೆ ಹಿಂದಿನ ಡ್ರಮ್ಮಿನೊಳಗೆ ಬ್ರೇಕಿನ ಶೂ ತುಕ್ಕಿಗೆ ಅಂಟಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಕಾರಿಗೆ ರಸ್ತೆ ತೋರಿಸಿ.

ಕಳೆದ ಆಟಿಯಲ್ಲಿ ಮತ್ತೆ ಅಕ್ಕನ ಮನೆಗೆ ಹೋಗಿದ್ದೆ. ಭಾವನವರ ಕಾರಿನ ಬಿಲ್ಲೆಗಳ ಮೇಲೆ ಅದೇ ಕಿತ್ತಳೆ ಬಣ್ಣದ ಪೊರೆ. ಭಾವನವರು ನನ್ನ ಮುಖ ನೋಡಿ, "ಎಣ್ಣೆಯ ಕುಪ್ಪಿ ಒಳಗುಂಟು, ತರಲಾ?" ಎಂದು ನಕ್ಕರು. ಹುಡುಗ ಈಗ ಹನ್ನೆರಡರವನು. ಅವನು ಗೇಟಿನತ್ತ ಹೋಗಲಿಲ್ಲ. ಚಾವಡಿಯ ಮೆಟ್ಟಿಲಲ್ಲಿ ನಿಂತುಕೊಂಡ. ನಾನು ಅಂಗಳದ ಸಮನೆಲದಲ್ಲಿ ಕಾರನ್ನು ಮುಂದಕ್ಕೂ ಹಿಂದಕ್ಕೂ ನಡೆಸಿ, ಮೂರು ಬಾರಿ ಬ್ರೇಕು ಒತ್ತಿ, ಮೂರು ಬಾರಿಯೂ ನಿಂತುದನ್ನು ಕಂಡು ಕೈ ಎತ್ತಿದೆ. ಆಗ ಅವನು ಇಳಿಜಾರಿನ ಪಕ್ಕದ ಕಟ್ಟೆಯ ಮೇಲಿನಿಂದಲೇ ನಡೆದುಹೋಗಿ ಗೇಟು ತೆರೆದು ಬದಿಗೆ ಸರಿದ. ಮೊದಲು ಬ್ರೇಕು, ಆಮೇಲೆ ಗೇಟು ಎಂಬುದು ಆ ಮನೆಯಲ್ಲಿ ಈಗ ಕಟ್ಟಳೆಯಾಗಿದೆ. ಕಟ್ಟಳೆ ಮಾಡಿದವಳು ಅಕ್ಕ. ಕಾರಣವಾದವನು ನಾನು.